ಪಕ್ಕದ ಮನೆಯ ಬಿಲ್ಲಜ್ಜ

ಈ ಸಂಚಿಕೆಯ ಸಂಪಾದಕರಾದ ನಮ್ಮ ಕನ್ನಡ ಮೇಷ್ಟ್ರು "ಅಮೆರಿಕಕ್ಕೆ ಹೋಗಿ ಬಂದವಳು ನಮ್ಮ ಕಾಲೇಜಿನಲ್ಲಿ ನೀನೊಬ್ಬಳೇ, ಏನಾದರೂ ಬರೆದು ಕೊಡು" ಎಂದು ಎರಡು ತಿಂಗಳಿಂದ ದುಂಬಾಲು ಬಿದ್ದಿದ್ದಾರೆ. ಅವರ ಮನಸ್ಸಿನಲ್ಲಿರುವುದು ನಯಾಗರ ಜಲಪಾತವೆಂದು ನನಗೆ ಗೊತ್ತು. ಅದನ್ನು ಕಂಡು ನಾನು ಬೆರಗಾದ ಬಗೆಯನ್ನು ಬಣ್ಣಿಸಿದರೆ ಅವರಿಗೆ ಸಂತೋಷ, ಓದುವವರಿಗೂ ಸುಖ. ಆದರೆ ಏನು ಮಾಡಲಿ? ನಾನು ನಯಾಗರವನ್ನು ನೋಡಲಿಲ್ಲ. ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ನೋಡಲಿಲ್ಲ. ಬಿ.ಎ. ಮುಗಿಸಿ ಎಂ.ಎ.ಗೆ ಸೇರುವ ನಡುವೆ, ಅಕ್ಕನ ಬಾಣಂತನಕ್ಕೆಂದು ಹೊರಟ ಅಮ್ಮನಿಗೆ ದಾರಿಯ ಜೊತೆಯಾಗಿ ನಾನು ಹೋದದ್ದು. 2023ರ ಆಗಸ್ಟಿನಿಂದ 2024ರ ಜನವರಿಯವರೆಗೆ ನಾನು ಕಂಡ ಅಮೆರಿಕವೆಂದರೆ ಮಗುವಿನ ಬಟ್ಟೆ, ಜೋಳದ ಹೊಲ, ಮತ್ತು ಜಿಂಕೆ. ಹಾಗಾಗಿ ಜಿಂಕೆಯ ವಿಷಯವನ್ನೇ ಬರೆಯುತ್ತೇನೆ. ಅದರಲ್ಲಿ ನಾನು ತಲೆ ತಗ್ಗಿಸಬೇಕಾದ ಒಂದು ಸಂಗತಿಯಿದೆ. ಅದನ್ನು ಮೇಷ್ಟ್ರಿಗೆ ಮೊದಲೇ ಹೇಳಲಿಲ್ಲ. ಹೇಳಿದ್ದರೆ ಅವರು ನಯಾಗರವೇ ಬೇಕೆಂದು ಹಟ ಹಿಡಿಯುತ್ತಿದ್ದರೇನೋ.

ಅಕ್ಕ ಭಾವ ಇರುವುದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಮ್ಯಾಡಿಸನ್ ನಗರದಿಂದ ಪಶ್ಚಿಮಕ್ಕೆ ಅರ್ಧ ಗಂಟೆಯ ದಾರಿ. ಗುಡ್ಡ, ಕಣಿವೆ, ತಗ್ಗಿನಲ್ಲಿ ಜೋಳ, ಏರಿನಲ್ಲಿ ಓಕ್ ಮರಗಳ ಕಾಡು. ಮೊದಲ ದಿನ ಕಿಟಕಿಯಿಂದ ನೋಡಿದ ಅಮ್ಮ, "ನಮ್ಮ ಊರಿನ ಹಾಗೇ ಇದೆಯಲ್ಲೇ, ಅಡಿಕೆ ಮರವೊಂದಿಲ್ಲ" ಎಂದಳು. ಮನೆಯ ಹಿಂದೆ ಮೂರು ಎಕರೆಯಷ್ಟು ಕಾಡು ಭಾವನವರ ಹೆಸರಿಗೇ ಇತ್ತು. ಅದರಾಚೆ ಪಕ್ಕದ ಮನೆಯವರ ಹೊಲ. ಎರಡರ ಮಗ್ಗುಲಿನಲ್ಲಿ ಊರಿನ ಟಾರು ರಸ್ತೆ. ಸಂಜೆಯಾದರೆ ಕಾಡಿನಿಂದ ಜಿಂಕೆಗಳು ಹೊರಟು, ರಸ್ತೆ ದಾಟಿ, ಜೋಳಕ್ಕೆ ಇಳಿಯುತ್ತಿದ್ದವು. ನಮ್ಮ ಚುಕ್ಕೆಯ ಜಿಂಕೆಯಲ್ಲ ಅವು, ಬಿಳಿಬಾಲದ ಜಿಂಕೆ. ಬೆದರಿದಾಗ ಬಾಲವನ್ನು ಮೇಲೆತ್ತಿ ಓಡುತ್ತವೆ. ಕತ್ತಲಿನಲ್ಲಿ ಬಿಳಿಯ ಕರವಸ್ತ್ರಗಳು ಹಾರಿಹೋದಂತೆ ಕಾಣುತ್ತದೆ.

ಪಕ್ಕದ ಮನೆಯ ಮುದುಕರಿಗೆ ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾವು ಹೋದ ಮೂರನೆಯ ದಿನವೇ ಅವರು ಒಂದು ಬುಟ್ಟಿ ಕುಂಬಳಕಾಯಿ ಹೊತ್ತು ತಂದು, ಮಗುವನ್ನು ನೋಡಿ, ಹೊರಡುವಾಗ ಭಾವನವರನ್ನು ಒಂದು ಮಾತು ಕೇಳಿದರು. ಸೆಪ್ಟೆಂಬರ್ 16ರ ಶನಿವಾರ ಬಿಲ್ಲಿನ ಬೇಟೆಯ ಕಾಲ ಶುರುವಾಗುತ್ತದೆ. ಹಿಂದಿನ ಮನೆಯವರಿದ್ದಾಗ ನಮ್ಮ ಕಾಡಿನ ಅಂಚಿನ ಓಕ್ ಮರದಲ್ಲಿ ಅಟ್ಟಣೆ ಕಟ್ಟಿಕೊಂಡು ತಾವು ಕೂರುತ್ತಿದ್ದುದು ವಾಡಿಕೆ. ಈ ವರ್ಷವೂ ಕೂರಬಹುದೇ? ಭಾವ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕನ್ನಡದಲ್ಲಿ, "ಬಾಣಂತಿ ಇರುವ ಮನೆಯ ಹಿತ್ತಲಲ್ಲಿ ಕೊಲೆ ಬೇಡ ಅಕ್ಕಾ" ಎಂದೆ. ಭಾವ ಅದನ್ನು ಸಾಧ್ಯವಾದಷ್ಟು ಮೆತ್ತಗೆ ಮಾಡಿ ಇಂಗ್ಲಿಷಿನಲ್ಲಿ ಹೇಳಿದರು. ಮುದುಕರು "ಮನೆ ನಿಮ್ಮದು, ಕಾಡು ನಿಮ್ಮದು" ಎಂದು ಟೊಪ್ಪಿಗೆ ಮುಟ್ಟಿ ಹೋದರು. ಆ ದಿನದಿಂದ ಅಮ್ಮ ಅವರಿಗೆ ಬಿಲ್ಲಜ್ಜ ಎಂದು ಹೆಸರಿಟ್ಟಳು.

ಬೇಟೆಯೆಂದರೆ ನನಗೇಕೆ ಅಷ್ಟು ಅಸಹ್ಯವೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ನಮ್ಮದು ಮಲೆನಾಡಿನ ಮನೆ. ಅಜ್ಜನ ಕೋವಿ ಗೋಡೆಯ ಮೇಲೆ ತೂಗುತ್ತಿದ್ದುದನ್ನು ಕಂಡಿದ್ದೇನೆ. ಅದು ಗುಂಡು ಹಾರಿಸಿದ್ದನ್ನು ಕಂಡಿಲ್ಲ. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ ಮರಳುತ್ತಿತ್ತು, ತವರಿಗೆ ಹೋಗಿ ಬರುವ ಮಗಳ ಹಾಗೆ. ಅಜ್ಜ ಹಳೆಯ ಷಿಕಾರಿಯ ಕಥೆ ಹೇಳುತ್ತಿದ್ದರು. ಸೋವಿನವರು ಹಳು ನುಗ್ಗಿ ಮಿಗವನ್ನು ಎಬ್ಬಿಸುವುದು. ಕೋವಿಯವರು ಕಂಡಿಯಲ್ಲಿ ಕಾದು ನಿಲ್ಲುವುದು. ಹಾಗೆ ಕಾದು ನಿಲ್ಲುವುದಕ್ಕೆ ಅವರ ಮಾತಿನಲ್ಲಿ "ಬಿಲ್ಲಿಗೆ ನಿಲ್ಲುವುದು" ಎಂದು ಹೆಸರು. ಕೈಯಲ್ಲಿ ಕೋವಿ, ಬಾಯಲ್ಲಿ ಬಿಲ್ಲು! ಬಿಲ್ಲು ಹೋಗಿ ಎಷ್ಟು ತಲೆಮಾರು ಕಳೆದಿದ್ದವೋ, ಮಾತು ಮಾತ್ರ ಕಾಡಿನಲ್ಲೇ ಉಳಿದುಕೊಂಡಿತ್ತು. ಆದರೆ ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಕಥೆಯಷ್ಟೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಪತ್ರಿಕೆಯಲ್ಲಿ ಅದು ಬರುವುದು ಒಂದೇ ರೀತಿಯಲ್ಲಿ: ಜಿಲ್ಲಾ ಪುಟದ ಮೂಲೆಯಲ್ಲಿ "ಜಿಂಕೆ ಮಾಂಸ ಸಾಗಣೆ: ಇಬ್ಬರ ಬಂಧನ", ಜೊತೆಗೆ ಒಂದು ಚಿತ್ರ, ಹಿಂದೆ ಅರಣ್ಯ ಸಿಬ್ಬಂದಿ ಸಾಲಾಗಿ ನಿಂತಿರುತ್ತಾರೆ, ಮುಂದೆ ತಲೆ ತಗ್ಗಿಸಿದ ಇಬ್ಬರು ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ. ನನ್ನ ಕಣ್ಣಿಗೆ ಬೇಟೆಗಾರನೆಂದರೆ ಆ ಚಿತ್ರ.

ಪುರಾಣವೂ ನನ್ನ ಪಕ್ಷದಲ್ಲೇ ಇತ್ತೆನ್ನಿ. ಪಾಂಡುರಾಜ ಜಿಂಕೆಗೆ ಬಾಣ ಬಿಟ್ಟು ಶಾಪ ಹೊತ್ತ. ದಶರಥ ಶಬ್ದವನ್ನು ನಂಬಿ ಬಿಟ್ಟ ಬಾಣ ಮುನಿಕುಮಾರನಿಗೆ ನೆಟ್ಟಿತು. ರಾಮ ಹೊನ್ನಿನ ಜಿಂಕೆಯ ಹಿಂದೆ ಹೋದದ್ದರ ಫಲ ಗೊತ್ತೇ ಇದೆ. ನಮ್ಮ ಕಾವ್ಯಗಳಲ್ಲಿ ಬಿಲ್ಲು ಹಿಡಿದು ಜಿಂಕೆಯ ಬೆನ್ನು ಹತ್ತಿದವರಿಗೆ ಒಳ್ಳೆಯದಾದದ್ದು ಅಪರೂಪ.

ಅಲ್ಲಿಯ ಪತ್ರಿಕೆಯ ರೀತಿಯೇ ಬೇರೆ. ಆ ಊರಿನ ವಾರಪತ್ರಿಕೆಯಲ್ಲಿ ಸೆಪ್ಟೆಂಬರಿನಿಂದ ಜಿಂಕೆಗಳದೇ ರಾಜ್ಯ. ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು ತಮ್ಮ ಮೊದಲ ಜಿಂಕೆಯ ಕೊಂಬು ಹಿಡಿದು ನಗುವ ಚಿತ್ರಗಳು. ಅದರ ಕೆಳಗೆ ಅಪ್ಪನ ಹೆಸರು, ಅಜ್ಜನ ಹೆಸರು. ನಮ್ಮಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ದರ್ಜೆ ಬಂದವರ ಚಿತ್ರ ಹಾಕುವುದಿಲ್ಲವೇ, ಹಾಗೆ. ಅಕ್ಟೋಬರಿನ ಮೊದಲಲ್ಲಿ ಬಿಲ್ಲಜ್ಜ ತಮ್ಮ ಹೊಲದಂಚಿನಲ್ಲಿ ಒಂದು ಹೆಣ್ಣು ಜಿಂಕೆ ಹೊಡೆದು ಪಿಕಪ್ ಗಾಡಿಯ ಹಿಂಬದಿಯಲ್ಲಿ ಹಾಕಿಕೊಂಡು ಬಂದರು. ನಾನು ಅಂಗಳದಲ್ಲಿ ನಿಂತಿದ್ದೆ. ಫೋಟೋ ತೆಗೆಯಲೇ ಎಂದೆ. ನಮ್ಮ ಊರಿನ ಪತ್ರಿಕೆಗೆ ಕಳಿಸಲೇ ಎಂದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು, ಜಿಂಕೆಯ ನಾಲಿಗೆ ಹೊರಗೆ ಇಣುಕಿದ್ದನ್ನು ಬೆರಳಿನಿಂದ ಒಳಗೆ ಸೇರಿಸಿ, ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತರು. ನಾಲಿಗೆಯನ್ನು ಒಳಗೆ ಸೇರಿಸಿದ್ದನ್ನು ನಾನು ಆಗ ನೋಡಿದೆ. ಬರೆಯುವಾಗ ಬಿಟ್ಟುಬಿಟ್ಟೆ.

ನನ್ನ ಲೇಖನ ಊರಿನ ಕಡೆಯ ಒಂದು ಪತ್ರಿಕೆಯ ಪುರವಣಿಯಲ್ಲಿ ಅರ್ಧ ಪುಟ ಬಂತು. ತಲೆಬರಹ "ಜಿಂಕೆ ಕೊಂದು ನಗುವ ದೇಶ". ಚಿತ್ರದ ಕೆಳಗೆ "ಬೇಟೆಯ ಮದದಲ್ಲಿ ಬೀಗುತ್ತಿರುವ ಕಟುಕ". ತಲೆಬರಹ ಪತ್ರಿಕೆಯವರದು, ನಾನು ಇಟ್ಟದ್ದು "ಕ್ರೌರ್ಯದ ಹಬ್ಬ" ಎಂದು. ಇದನ್ನು ಹೇಳಿ ನುಣುಚಿಕೊಳ್ಳಬಹುದೆಂದು ಒಮ್ಮೆ ಅನ್ನಿಸಿದ್ದುಂಟು. ಆದರೆ "ಕಟುಕ" ಎಂಬ ಮಾತು ಲೇಖನದೊಳಗೆ ನಾನೇ ಬರೆದದ್ದು. ಅವರು ಅದನ್ನು ಎತ್ತಿ ಚಿತ್ರದ ಕೆಳಗೆ ಇಟ್ಟರು, ಅಷ್ಟೆ. ಊರಿನಿಂದ ಸ್ನೇಹಿತೆಯರು ಭೇಷ್ ಎಂದು ಬರೆದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಭಾವ ಕಚೇರಿಯಲ್ಲಿ ಆ ಪುಟವನ್ನು ಬಣ್ಣದಲ್ಲಿ ಮುದ್ರಿಸಿ ತಂದು ಊಟದ ಮೇಜಿನ ಮೇಲಿಟ್ಟರು. ಅಲ್ಲಿಯೇ ಎಡವಟ್ಟಾಯಿತು. ಮಾರನೆಯ ದಿನ ಸೇಬು ಕೊಡಲು ಬಂದ ಬಿಲ್ಲಜ್ಜ ತಮ್ಮ ಮುಖವನ್ನು ಗುರುತಿಸಿದರು. "ಎಷ್ಟು ಚೆನ್ನಾದ ಅಕ್ಷರ ನಿಮ್ಮದು, ಬಳ್ಳಿಯ ಹಾಗಿದೆ" ಎಂದರು. "ಏನು ಬರೆದಿದ್ದೀಯೆ?" ಎಂದು ಕೇಳಿದರು. "ನಿಮ್ಮ ಊರಿನ ಬೇಟೆಯ ವಿಷಯ" ಎಂದೆ. "ನನಗೊಂದು ಪ್ರತಿ ಸಿಗಬಹುದೇ?" ಅದನ್ನೇ ಕೊಟ್ಟೆ. ಬೇರೆ ದಾರಿ ತೋರಲಿಲ್ಲ. ಅವರು ಅದನ್ನು ಮಡಿಸದೆ, ಎರಡು ಕೈಯಲ್ಲೂ ಹಿಡಿದುಕೊಂಡು, ಹುಲ್ಲಿನ ಮೇಲೆ ನಡೆದುಹೋದರು. ಅಮ್ಮ ಒಲೆಯ ಹತ್ತಿರದಿಂದ ತಿರುಗದೆಯೇ, "ಓದಿ ಹೇಳಬೇಕಾಗಿತ್ತು ನೀನು" ಎಂದಳು.

ಬಾಣಂತಿಯ ಕೆಲಸ ಮುಗಿದ ಮೇಲೆ ಮಧ್ಯಾಹ್ನದಲ್ಲಿ ನನಗೆ ಬಿಡುವು. ಹಳ್ಳಿಯಾದರೂ ಅಲ್ಲೊಂದು ಅಚ್ಚುಕಟ್ಟಾದ ಗ್ರಂಥಾಲಯವಿತ್ತು. ಲೇಖನ ಬರೆದು ಮುಗಿಸಿದ ಮೇಲೆ ಅಭ್ಯಾಸಕ್ಕೆ ಕೂತೆ. ನಮ್ಮಲ್ಲಿ ಬಹಳ ಮಂದಿ ಇದೇ ಕ್ರಮದಲ್ಲಿ ಮಾಡುತ್ತಾರೆ.

ಬಿಲ್ಲಿನ ಬೇಟೆ ಆ ದೇಶದಲ್ಲಿ ಮರುಹುಟ್ಟು ಪಡೆದದ್ದು. ಕೋವಿ ಬಂದ ಮೇಲೆ ಬಿಳಿಯರಲ್ಲಿ ಅದು ಬಹುಮಟ್ಟಿಗೆ ಆಟದ ವಸ್ತುವಾಗಿತ್ತು. 1911ರಲ್ಲಿ ಕ್ಯಾಲಿಫೋರ್ನಿಯದ ಒಂದು ಊರಿಗೆ ಕಾಡಿನಿಂದ ಒಬ್ಬ ಆದಿವಾಸಿ ಒಬ್ಬಂಟಿಯಾಗಿ ಬಂದ. ಯಾಹಿ ಎಂಬ ಜನಾಂಗದ ಕೊನೆಯ ಕುಡಿ. ಅವನ ಜನರೆಲ್ಲ ಅಳಿದುಹೋಗಿದ್ದರು. ಅವನನ್ನು ಇಷಿ ಎಂದು ಕರೆದರು. ಅದು ಅವನ ಹೆಸರಲ್ಲ. ಅವನ ಭಾಷೆಯಲ್ಲಿ "ಮನುಷ್ಯ" ಎಂದರ್ಥ. ವಿಶ್ವವಿದ್ಯಾನಿಲಯದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಸ್ನೇಹ ಬೆಳೆಸಿ, ಬಿಲ್ಲು ಮಾಡುವುದನ್ನೂ ಬಾಣ ಬಿಡುವುದನ್ನೂ ಅವನಿಂದ ಕಲಿತ. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲಿನ ಬೇಟೆಯ ಮೇಲೆ ಪುಸ್ತಕ ಬರೆದ. ಅದನ್ನು ಓದಿ ಹಲವರು ಬಿಲ್ಲು ಹಿಡಿದರು. ಜನಾಂಗವೊಂದು ಅಳಿಯಿತು, ಅದರ ವಿದ್ಯೆ ಅಳಿಸಿದವರ ಮಕ್ಕಳ ಕೈಗೆ ಬಂತು! ಬೇಟೆಗಾರರ ಮೇಲೆ ನನಗಿದ್ದ ಸಿಟ್ಟಿಗಿಂತ ಈ ಸಂಗತಿ ನನ್ನನ್ನು ಹೆಚ್ಚು ಕಾಲ ಕಾಡಿತು. ವಿಸ್ಕಾನ್ಸಿನ್ನಿನಲ್ಲಿ 1934ರಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಬೇಟೆಯ ಕಾಲ ಗೊತ್ತುಮಾಡಿದರು. ಅರಣ್ಯನೀತಿಯ ದೊಡ್ಡ ಚಿಂತಕ ಆಲ್ಡೊ ಲಿಯೊಪಾಲ್ಡ್ ಅಲ್ಲಿಯ ಪ್ರಾಧ್ಯಾಪಕ; ಆತನೂ ತನ್ನ ಬಿಲ್ಲನ್ನು ತಾನೇ ಕೆತ್ತಿ ಬೇಟೆಗೆ ಹೋಗುತ್ತಿದ್ದವನೇ. ಈಗಿನವರ ಕೈಯಲ್ಲಿರುವುದು ಬೇರೆ ಬಗೆಯ ಬಿಲ್ಲು. 1969ರಲ್ಲಿ ಹಕ್ಕುಪತ್ರ ಪಡೆದ ಇದರ ಎರಡು ತುದಿಯಲ್ಲೂ ರಾಟೆಗಳಿವೆ. ಪೂರ್ತಿ ಎಳೆದಾಗ ಎಳೆತದ ಭಾರ ಇಳಿದುಬಿಡುತ್ತದೆ, ಎಪ್ಪತ್ತರ ಮುದುಕನೂ ಗುರಿಹಿಡಿದು ನಿಲ್ಲಬಹುದು.

ಇನ್ನು ಜಿಂಕೆಯ ಲೆಕ್ಕ. 1900ರ ಸುಮಾರಿಗೆ ಮಾಂಸ ಚರ್ಮಗಳ ವ್ಯಾಪಾರಕ್ಕಾಗಿ ಕೊಂದು ಕೊಂದು, ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಕಾಯಿದೆಗಳು ಬಂದವು, ವ್ಯಾಪಾರ ನಿಂತಿತು, ಬೇಟೆಗೆ ಕಾಲ, ಲೆಕ್ಕ, ಪರವಾನಗಿ ಬಂದವು. 1937ರ ಒಂದು ಕಾಯಿದೆಯಂತೆ ಕೋವಿ ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ಮುಂದೆ ಬಿಲ್ಲು ಬಾಣಗಳನ್ನೂ ಅದಕ್ಕೆ ಸೇರಿಸಿದರು. ಅಷ್ಟರಲ್ಲಿ ತೋಳಗಳನ್ನು ಮುಗಿಸಿಯಾಗಿತ್ತು, ಜೋಳವೋ ಎಲ್ಲೆಲ್ಲೂ. ಈಗ ಜಿಂಕೆಗಳು ಕೋಟಿಗಟ್ಟಲೆ. ವಿಸ್ಕಾನ್ಸಿನ್ ಒಂದರಲ್ಲೇ ಪ್ರತಿ ನವೆಂಬರಿನ ಒಂಬತ್ತು ದಿನಗಳ ಕೋವಿಯ ಬೇಟೆಗೆ ಐದು ಲಕ್ಷಕ್ಕೂ ಹೆಚ್ಚು ಜನ ಹೊರಡುತ್ತಾರೆ, ಮಾರನೆಯ ವರ್ಷ ಜಿಂಕೆ ಮತ್ತೆ ತುಂಬಿರುತ್ತದೆ. ಅದರ ಮೇಲೆ, ಜಿಂಕೆಯನ್ನು ಒಳಗಿನಿಂದ ಕೃಶಮಾಡಿ ಕೊಲ್ಲುವ ಒಂದು ಮಿದುಳಿನ ರೋಗ 2002ರಲ್ಲಿ ಆ ಸಂಸ್ಥಾನದಲ್ಲಿ ಕಾಣಿಸಿಕೊಂಡದ್ದು ಅಕ್ಕನ ಮನೆಯ ಸುತ್ತಮುತ್ತಲ ಸೀಮೆಯಲ್ಲಿಯೇ. ಬಿಲ್ಲಜ್ಜ ತಾವು ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸ ಮುಟ್ಟುತ್ತಿರಲಿಲ್ಲ.

ಪತ್ರಿಕೆ ದೂರದರ್ಶನಗಳ ವಿಷಯವನ್ನೂ ಓದಿದೆ. 1975ರ ಸೆಪ್ಟೆಂಬರಿನಲ್ಲಿ ಸಿ.ಬಿ.ಎಸ್. ಎಂಬ ದೂರದರ್ಶನ ಸಂಸ್ಥೆ ಬೇಟೆಗಾರರ ಮೇಲೆ "ದಿ ಗನ್ಸ್ ಆಫ್ ಆಟಮ್" ಎಂಬ ಸಾಕ್ಷ್ಯಚಿತ್ರ ತೋರಿಸಿತು. ಕಸದ ಗುಂಡಿಗೆ ಬಂದ ಕರಡಿಯನ್ನೂ ಬೇಲಿಯೊಳಗಿನ ಪ್ರಾಣಿಯನ್ನೂ ಕೊಲ್ಲುವವರ ಚಿತ್ರ. ಬೇಟೆಗಾರರು ಕೆರಳಿ ನಿಂತರು. ಜಾಹೀರಾತುದಾರರು ಒಬ್ಬೊಬ್ಬರಾಗಿ ಜಾರಿಕೊಂಡರು. ಅದರಲ್ಲಿ ತೋರಿಸಿದ್ದೆಲ್ಲ ನಡೆದದ್ದೇ ಎಂದು ಒಂದು ಪಕ್ಷ, ಆದರೆ ನಾವು ಅದಲ್ಲ ಎಂದು ಇನ್ನೊಂದು. ನಲವತ್ತು ವರ್ಷಗಳ ಮೇಲೆ, 2015ರಲ್ಲಿ, ಮಿನೆಸೋಟದ ಒಬ್ಬ ದಂತವೈದ್ಯ ಜಿಂಬಾಬ್ವೆಗೆ ಹೋಗಿ ಸೆಸಿಲ್ ಎಂಬ ಸಿಂಹಕ್ಕೆ ಬಾಣ ಬಿಟ್ಟ. ಸಿಂಹ ಕೂಡಲೇ ಸಾಯದೆ ಗಂಟೆಗಟ್ಟಲೆ ನರಳಿತು. ಪ್ರಪಂಚದ ಪತ್ರಿಕೆಗಳೆಲ್ಲ ಅವನ ಮೇಲೆ ಬಿದ್ದವು. ಅದು ಸರಿಯೇ ಅನ್ನಿಸಿತು ನನಗೆ, ಈಗಲೂ ಅನ್ನಿಸುತ್ತದೆ. ಆದರೆ ಒಂದು ಮಾತು. ಅದೇ ಅಮೆರಿಕದಲ್ಲಿ ವಿಮಾ ಕಂಪನಿಗಳ ಅಂದಾಜಿನಂತೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲಾಗಿ ಜಿಂಕೆ ಮೊದಲಾದ ಪ್ರಾಣಿಗಳು ವಾಹನಕ್ಕೆ ಬಡಿಯುತ್ತವೆ. ಒಂದು ಸಿಂಹದ ಹೆಸರು ಎಲ್ಲರಿಗೂ ಗೊತ್ತು. ರಸ್ತೆಯಂಚಿನ ಹೆಣಕ್ಕೆ ಹೆಸರಿಲ್ಲ, ಸುದ್ದಿಯೂ ಇಲ್ಲ. ಕೊಂದವನಿಗೆ ಕೊಲ್ಲುವ ಮನಸ್ಸಿರಲಿಲ್ಲ ಎಂಬುದೊಂದೇ ಸಮಾಧಾನ.

ಅಕ್ಟೋಬರಿನ ಕೊನೆಯ ವಾರ ಬಿಲ್ಲಜ್ಜ ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡಿತ್ತು. ಹಿಂದಿನ ಸಂಜೆ ಬಾಣ ಬಿಡುವ ಗಳಿಗೆಯಲ್ಲಿ ಜಿಂಕೆ ಒಂದು ಹೆಜ್ಜೆ ಮುಂದೆ ಇಟ್ಟಿತಂತೆ. ಬಾಣ ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಕೂಡಲೇ ಬೆನ್ನಟ್ಟಿದರೆ ಅದು ಇನ್ನೂ ದೂರ ಓಡುತ್ತದೆಂದು ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಹುಡುಕುತ್ತಿದ್ದಾರೆ. ರಕ್ತದ ಜಾಡು ನಮ್ಮ ಕಾಡಿನ ಕಡೆಗೆ ಬಂದಿದೆ, ಒಳಗೆ ಬರಬಹುದೇ? ಭಾವ ಕೆಲಸಕ್ಕೆ ಹೋಗಿದ್ದರು. ನಾನೇ "ಬನ್ನಿ" ಎಂದೆ. ಅವರ ಹಿಂದೆ ಹೊರಟೆ. ಸುಳ್ಳು ಹೇಳಬಾರದು: ನನಗೆ ಒಳಗೊಳಗೇ ಗೆದ್ದಂಥ ಒಂದು ಭಾವನೆಯಿತ್ತು.

ಆ ಮನುಷ್ಯ ಮೊಣಕಾಲೂರಿ ಒಂದೊಂದೇ ಎಲೆ ತಿರುಗಿಸುತ್ತಿದ್ದರು. ಓಕ್ ಎಲೆಗಳು ಆಗ ತಾವೇ ಕೆಂಪಗಿರುತ್ತವೆ. ಅದರಲ್ಲಿ ಸಾಸಿವೆಯಷ್ಟು ರಕ್ತವನ್ನು ಗುರುತಿಸಬೇಕು. ಸಿಕ್ಕಿದ ಕಡೆಯಲ್ಲೆಲ್ಲ ಒಂದು ಬಿಳಿಯ ಕಾಗದದ ತುಂಡನ್ನು ಇಡುತ್ತಿದ್ದರು. ಮಧ್ಯಾಹ್ನದವರೆಗೆ ಹನ್ನೊಂದು ತುಂಡು ಇಟ್ಟರು. ಆಮೇಲೆ ಹಳ್ಳದ ಹತ್ತಿರ ಜಾಡು ತಪ್ಪಿತು. ಮಾರನೆಯ ದಿನವೂ ಬಂದರು. ಸಂಜೆ ಹಳ್ಳದ ದಂಡೆಯಲ್ಲಿ ಕೂತು, "ಸಿಗದ ಜಿಂಕೆಯೂ ನನ್ನ ಲೆಕ್ಕಕ್ಕೇ ಸೇರಿದ್ದು. ಈ ವರ್ಷಕ್ಕೆ ಸಾಕು" ಎಂದರು. ಜನವರಿ 7ರವರೆಗೆ ಕಾಲವಿತ್ತು. ಅವರ ಬಿಲ್ಲು ಆ ದಿನವೇ ಮೊಳೆಗೆ ಏರಿತು. ಆ ಜಿಂಕೆ ಎಲ್ಲೋ ಪೊದೆಯಲ್ಲಿ ಬಿದ್ದು, ಎಷ್ಟು ಹೊತ್ತಿಗೋ ಸತ್ತಿರಬೇಕು. ಬಿಲ್ಲಿನ ಬೇಟೆಯನ್ನು ಹೊಗಳುವವರು ಇದನ್ನು ಹೇಳುವುದಿಲ್ಲ. ಬಿಲ್ಲಜ್ಜ ಮರೆಮಾಡಲಿಲ್ಲ. ನಾನು ಗೆದ್ದ ಭಾವನೆಯನ್ನು ಎಲ್ಲಿ ಬಿಟ್ಟು ಬಂದೆನೋ, ಮನೆಗೆ ಬಂದಾಗ ಅದು ಜೊತೆಯಲ್ಲಿರಲಿಲ್ಲ.

ಹಳ್ಳದ ದಂಡೆಯಲ್ಲಿಯೇ ಅವರು ರಸ್ತೆಯ ವಿಷಯ ಹೇಳಿದ್ದು. ಮರಸು ಕೂರುವವನಿಗೆ ಗೊತ್ತಿರುತ್ತದೆ, ಜಿಂಕೆ ಎಲ್ಲಿ ಮಲಗುತ್ತದೆ, ಎಲ್ಲಿ ಮೇಯುತ್ತದೆ, ನಡುವೆ ಯಾವ ದಾರಿ ಹಿಡಿಯುತ್ತದೆ ಎಂದು. ಯಾರೂ ಬಾರದ ಕಾಡನ್ನು ಅದು ವಾರದೊಳಗೆ ಕಂಡುಹಿಡಿದು ಅಲ್ಲಿ ಬೀಡು ಬಿಡುತ್ತದೆ. ಈ ವರ್ಷ ನಿಮ್ಮ ಕಾಡಿನಲ್ಲಿ ಹಗಲೆಲ್ಲ ಜಿಂಕೆಗಳಿವೆ, ಕತ್ತಲಾಗುತ್ತಲೇ ನನ್ನ ಹೊಲಕ್ಕೆ ರಸ್ತೆ ದಾಟುತ್ತವೆ. ನವೆಂಬರ್ ಬಂದರೆ ಗಂಡುಗಳಿಗೆ ಬೆದೆಯ ಹುಚ್ಚು, ಮೂಗು ನೆಲಕ್ಕೆ ಹಚ್ಚಿ ಹೆಣ್ಣಿನ ಹಿಂದೆ ಓಡುವಾಗ ಗಾಡಿಯೂ ಕಾಣದು, ಬೆಳಕೂ ಕಾಣದು. "ಒಂದು ದಾಟಿದರೆ ನಿಲ್ಲಿ. ಹಿಂದೆ ಇನ್ನೊಂದು ಇದ್ದೇ ಇರುತ್ತದೆ" ಎಂದು ಭಾವನಿಗೆ ಹೇಳಲು ಹೇಳಿದರು. ನಾನು ಹೇಳಿದೆನೋ ಮರೆತೆನೋ, ಈಗ ನೆನಪಿಲ್ಲ. ಹೇಳಲಿಲ್ಲವೆಂದೇ ತೋರುತ್ತದೆ.

ನವೆಂಬರ್ 5ರ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಅದರಿಂದ ಸಂಜೆ ನಾಲ್ಕೂವರೆ ದಾಟುವುದರೊಳಗೆ ಸೂರ್ಯ ಮುಳುಗತೊಡಗಿದ. ಜನ ಕೆಲಸದಿಂದ ಮರಳುವ ಹೊತ್ತೂ ಜಿಂಕೆ ರಸ್ತೆ ದಾಟುವ ಹೊತ್ತೂ ಒಂದೇ ಆಗಿಬಿಟ್ಟಿತು. 10ರ ಶುಕ್ರವಾರ ದೀಪಾವಳಿಯ ಸಾಮಾನು ತರಲು ಭಾವ ನನ್ನನ್ನು ಮ್ಯಾಡಿಸನ್ನಿಗೆ ಕರೆದುಕೊಂಡು ಹೋಗಿದ್ದರು. ಮರಳುವಾಗ ಆರು ಗಂಟೆ, ಗಟ್ಟಿ ಕತ್ತಲು. ಮನೆ ಇನ್ನು ಇನ್ನೂರು ಗಜವಿರಬಹುದು. ಬೆಳಕಿನೊಳಗೆ ಒಂದು ಹೆಣ್ಣು ಜಿಂಕೆ ನೆಗೆದು ಬಂತು. ಭಾವ ಬ್ರೇಕ್ ಒತ್ತಿದರು. ಅದು ಕೂದಲೆಳೆಯಲ್ಲಿ ಪಾರಾಗಿ ಜೋಳದೊಳಗೆ ಮಾಯವಾಯಿತು. ಭಾವ ಹಾಗೇ ನಿಂತಿದ್ದರು, ಕೈ ನಡುಗುತ್ತಿತ್ತು.

"ಹೋಯಿತು ಭಾವ, ನಡೀರಿ" ಎಂದೆ ನಾನು.

ಗಾಡಿ ಹೊರಟು ವೇಗ ಹಿಡಿಯುವುದಕ್ಕೂ ಎರಡನೆಯದು ಬರುವುದಕ್ಕೂ ಸರಿಹೋಯಿತು. ಎಳೆಯ ಗಂಡು, ಕೊಂಬಿಗೆ ಇನ್ನೂ ಒಂದೇ ಕವಲು. ಸದ್ದು ಅಂಥ ದೊಡ್ಡದಲ್ಲ. ಅಕ್ಕಿ ಮೂಟೆ ಅಟ್ಟದಿಂದ ಬಿದ್ದ ಹಾಗೆ. ನಮಗೆ ಏನೂ ಆಗಲಿಲ್ಲ. ಹಣತೆಗಳು ಒಡೆದವು. ಅದು ರಸ್ತೆಯ ಮಗ್ಗುಲಿನ ಚರಂಡಿಯಲ್ಲಿ ಬಿದ್ದಿತ್ತು. ಮುಂಗಾಲೂರಿ ಎದ್ದು ನಿಲ್ಲಲು ನೋಡುತ್ತಿತ್ತು, ಹಿಂಗಾಲುಗಳು ಬರುತ್ತಿರಲಿಲ್ಲ. ಹೀಗೆ ಎದ್ದು ಬಿದ್ದು, ಎದ್ದು ಬಿದ್ದು. ಜಿಂಕೆ ಕೂಗುತ್ತದೆಂದು ನನಗೆ ಗೊತ್ತಿರಲಿಲ್ಲ. ಭಾವ ಶೆರಿಫರ ಕಚೇರಿಗೆ ಫೋನ್ ಮಾಡಿದರು. ಬರುತ್ತೇವೆ, ಅಂಥ ಕರೆಗಳು ಆ ಸಂಜೆ ಇನ್ನೂ ಇವೆ ಎಂದರು.

ಬಿಲ್ಲಜ್ಜ ಸದ್ದು ಕೇಳಿ ಬ್ಯಾಟರಿ ಹಿಡಿದು ಬಂದರು. ಮೊದಲು ನಮ್ಮಿಬ್ಬರ ಮುಖಕ್ಕೂ ಬೆಳಕು ಬಿಟ್ಟು ನೋಡಿದರು. ನಾನು "ಏನಾದರೂ ಮಾಡಿ, ಮುಗಿಸಿಬಿಡಿ" ಎಂದೆ. ಹೌದು, ಹಾಗೆಂದವಳು ನಾನೇ. ರಸ್ತೆಯಲ್ಲಿ ತಾನು ಹಾಗೆ ಮಾಡುವಂತಿಲ್ಲ, ಅಧಿಕಾರಿ ಬರಬೇಕು ಎಂದರು. ಬಳಿಕ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, ಮೇಲಂಗಿ ತೆಗೆದು, ಜಿಂಕೆಯ ಬೆನ್ನಿನ ಕಡೆಯಿಂದ ಹೋಗಿ, ಮೆಲ್ಲಗೆ ಅದರ ತಲೆಯ ಮೇಲೆ ಹಾಸಿದರು. ಕಣ್ಣು ಮುಚ್ಚಿದ್ದೇ ಅದು ಒದ್ದಾಡುವುದನ್ನು ನಿಲ್ಲಿಸಿತು. ಉಸಿರು ಮಾತ್ರ ಅಂಗಿಯನ್ನು ಎತ್ತಿ ಇಳಿಸುತ್ತಿತ್ತು. ಅವರು ಆ ಚಳಿಯಲ್ಲಿ ಬರಿಯ ಅಂಗಿಯಲ್ಲಿ ಅದರ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಕಾದರು. ಮುಕ್ಕಾಲು ಗಂಟೆ. ಕುಕ್ಕರಗಾಲಲ್ಲಿ ಕುಳಿತು ತಲೆ ತಗ್ಗಿಸಿದ ಬೇಟೆಗಾರ: ನಮ್ಮ ಜಿಲ್ಲಾ ಪುಟದ ಚಿತ್ರವೇ ಅದು.

ಅಧಿಕಾರಿ ಬಂದ. ನಮ್ಮನ್ನು ಗಾಡಿಯೊಳಗೆ ಕೂರಿಸಿದ. ಒಂದು ಗುಂಡು. ಬಿಲ್ಲಜ್ಜ ಅಂಗಿಯನ್ನು ಕೊಡವಿ ತೋಳಿನ ಮೇಲೆ ಹಾಕಿಕೊಂಡರು. ಅಲ್ಲಿಯ ಕಾನೂನಿನಂತೆ ಇಲಾಖೆಗೆ ತಿಳಿಸಿ ಅಂಥ ಜಿಂಕೆಯನ್ನು ಒಯ್ಯಬಹುದು. ಅವರು ಭಾವನನ್ನು ಕೇಳಿ ಒಯ್ದರು. ಮುಂದೆ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕಾಗದದಲ್ಲಿ ಸುತ್ತಿದ ಎರಡು ಪೊಟ್ಟಣ ನಮ್ಮ ಮನೆಗೂ ಬಂದವು. ಚಿಕ್ಕಂದಿನಲ್ಲಿ ಅಜ್ಜನ ಕಾಲದ ಮಾಂಸ ತಿಂದು ಬೆಳೆದ ಅಮ್ಮ, ಕಾಳುಮೆಣಸು ಅರೆದು ಹಾಕಿ ಅದನ್ನು ಬೇಯಿಸಿದಳು, ಕಡುಬಿನ ಜೊತೆಗೆ. ಬಿಲ್ಲಜ್ಜನಿಗೂ ಒಂದು ಬಟ್ಟಲು ಹೋಯಿತು. ಅವರು ಮೂರು ಲೋಟ ನೀರು ಕುಡಿದು ಬಟ್ಟಲು ಖಾಲಿ ಮಾಡಿದರೆಂದು ಭಾವ ಹೇಳಿದರು. ನಾನು ತಿನ್ನಲಿಲ್ಲ. ತಿನ್ನದಿದ್ದುದು ದೊಡ್ಡತನದಿಂದಲ್ಲ; ಗಂಟಲಿನಲ್ಲಿ ಇಳಿಯಲಿಲ್ಲ.

ಆ ವಾರದ ಪತ್ರಿಕೆಯನ್ನು ತಿರುವಿ ನೋಡಿದೆ. ಬಿಲ್ಲು ಹಿಡಿದ ಹುಡುಗಿಯ ಚಿತ್ರವಿತ್ತು. ಕೋವಿಯ ಕಾಲ 18ಕ್ಕೆ ಶುರುವೆಂದು ದೊಡ್ಡಕ್ಷರದಲ್ಲಿತ್ತು. ನಮ್ಮ ಜಿಂಕೆಯ ಸುದ್ದಿ ಇರಲಿಲ್ಲ. ಇರುವ ಕಾರಣವೂ ಇಲ್ಲ.

ನಾನು ಕಾಡಿಗೆ ಬೇಡವೆಂದದ್ದರಿಂದಲೇ ಆ ಜಿಂಕೆ ಆ ಹೊತ್ತಿಗೆ ಆ ರಸ್ತೆಗೆ ಬಂತೆಂದು ಹೇಳಲಾರೆ. ಅಷ್ಟು ನೇರವಾದ ಲೆಕ್ಕ ಕಾಡಿನಲ್ಲಿ ನಡೆಯುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. ವಿಸ್ಕಾನ್ಸಿನ್ನಿನಲ್ಲಿ ತೋಳಗಳು ಮರಳಿ ಬಂದ ಜಿಲ್ಲೆಗಳಲ್ಲಿ ಜಿಂಕೆ ವಾಹನಕ್ಕೆ ಬಡಿಯುವುದು ಸುಮಾರು ಶೇಕಡ 24ರಷ್ಟು ಇಳಿದಿದೆಯೆಂದು ಅದರಲ್ಲಿತ್ತು. ತೋಳಗಳು ತಿಂದು ಮುಗಿಸಿದ್ದರಿಂದ ಆದದ್ದಕ್ಕಿಂತ, ತೋಳಗಳು ರಸ್ತೆಯಗುಂಟ ಓಡಾಡುವುದರಿಂದ ಜಿಂಕೆಗಳು ರಸ್ತೆಗೆ ಅಂಜಿದ್ದೇ ಹೆಚ್ಚಿನ ಕಾರಣವಂತೆ. ಅದೇ 2021ರ ಫೆಬ್ರುವರಿಯಲ್ಲಿ ಆ ಸಂಸ್ಥಾನದಲ್ಲಿ ಮೂರೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ತೋಳಗಳನ್ನು ಹೊಡೆದರು, ಗೊತ್ತುಮಾಡಿದ ಮಿತಿಯನ್ನೂ ಮೀರಿ. ಹಾಗೆ ಹೊಡೆದವರಲ್ಲಿ ಬಿಲ್ಲಜ್ಜನಂಥವರೂ ಇದ್ದಿರಬಹುದು, ಇಲ್ಲದಿರಬಹುದು. ಕೇಳಬೇಕೆಂದಿದ್ದೆ, ಕೇಳಲಿಲ್ಲ. ನಮ್ಮ ಬಂಡೀಪುರದ ರಸ್ತೆಯಲ್ಲಿ 2009ರಲ್ಲಿ ರಾತ್ರಿಯ ಸಂಚಾರ ನಿಲ್ಲಿಸಿದಾಗ, ವ್ಯಾಪಾರಕ್ಕೆ ತೊಂದರೆಯೆಂದು ಕೂಗೆದ್ದದ್ದನ್ನು ಅಪ್ಪನ ಬಾಯಲ್ಲಿ ಕೇಳಿದ್ದೆ. ಜಿಂಕೆಗೆ ಹೊತ್ತು ಬಿಟ್ಟುಕೊಡುವ ಆ ಕ್ರಮವನ್ನು ಬಿಲ್ಲಜ್ಜನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲಿ ಅಂಥ ಮಾತೆತ್ತಿದರೆ ಬೇಟೆಗಾರರೇ ಮೊದಲು ಜಗಳಕ್ಕೆ ಬಂದಾರು" ಎಂದರು.

ಜನವರಿಯಲ್ಲಿ ಹೊರಡುವ ಹಿಂದಿನ ದಿನ ಹೇಳಿ ಬರಲು ಅವರ ಮನೆಗೆ ಹೋದೆ. ಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಏನೋ ರಿಪೇರಿ ಮಾಡುತ್ತಿದ್ದರು. ಗೋಡೆಯ ಮೇಲೆ ಅವರ ತಂದೆಯ ಮರದ ಬಿಲ್ಲು. ಅದರ ಕೆಳಗೆ ಅವರ ರಾಟೆಯ ಬಿಲ್ಲು. ಪಕ್ಕದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ, ನನ್ನ ಲೇಖನ. "ಬೇಟೆಯ ಮದದಲ್ಲಿ ಬೀಗುತ್ತಿರುವ ಕಟುಕ" ಎಂದು ಬಳ್ಳ ಬಳ್ಳಿಯಾದ ಅಕ್ಷರದಲ್ಲಿ. ಆ ಊರಿನಲ್ಲಿ ಅದನ್ನು ಓದಬಲ್ಲವರು ನಾವು ನಾಲ್ಕೇ ಜನ. ಹೇಳಬೇಕೆಂದು ಬಾಯಿ ತೆರೆದೆ. ಅವರು ಅಮ್ಮನಿಗೆಂದು ಮೇಪಲ್ ಮರದ ಪಾಕದ ಶೀಸೆ ಕೊಟ್ಟರು. ಅದನ್ನು ತೆಗೆದುಕೊಂಡು ಬಂದುಬಿಟ್ಟೆ.

ಊರಿಗೆ ಬಂದ ಮೇಲೆ ಮೂರು ತಿಂಗಳು ಬೇಕಾಯಿತು. ಕೊನೆಗೆ ಏಪ್ರಿಲಿನಲ್ಲಿ ಒಂದು ಕಾಗದ ಬರೆದು, ಲೇಖನವನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ, ಚಿತ್ರದ ಕೆಳಗಿನ ಮಾತನ್ನೂ ಸೇರಿಸಿ, ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿದಾಗ ಅಕ್ಕ ಫೋನಿನಲ್ಲಿ ಮಾತಿನ ನಡುವೆ ಹೇಳಿದಳು: ಚೌಕಟ್ಟು ಇನ್ನೂ ಅಲ್ಲೇ ಇದೆಯಂತೆ, ಅದರ ಪಕ್ಕದಲ್ಲಿ ನನ್ನ ಕಾಗದವನ್ನೂ ಮೊಳೆ ಹೊಡೆದು ನಿಲ್ಲಿಸಿದ್ದಾರಂತೆ. ಆ ಸೆಪ್ಟೆಂಬರಿನಲ್ಲಿ ಭಾವನೇ ಹೋಗಿ ಅವರನ್ನು ನಮ್ಮ ಓಕ್ ಮರಕ್ಕೆ ಕರೆದರು. ಬಂದರು, ಎರಡು ಮೆಟ್ಟಿಲು ಹತ್ತಿದರು, ಮೊಣಕಾಲು ಒಪ್ಪಲಿಲ್ಲವೆಂದು ಇಳಿದರು. ಈಗ ಸಂಜೆ ರಸ್ತೆಯ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಜಿಂಕೆ ಕಂಡರೆ ಬರುವ ಗಾಡಿಗಳಿಗೆ ಬ್ಯಾಟರಿ ಬೀಸುತ್ತಾರಂತೆ.